ಬೇಡದ ವಿಂಡೋಸ್‌ಗೆ ದುಡ್ಡು ಕೊಡದೆ ಲ್ಯಾಪ್‌ಟಾಪ್ ಕೊಳ್ಳಬಹುದಾ?

ಪ್ರಶ್ನೆ: ಮಗಳು ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಎರಡನೇ ವರ್ಷ. ಲ್ಯಾಪ್‌ಟಾಪ್ ಬೇಕು, ಲಿನಕ್ಸ್ ಹಾಕಿಕೊಳ್ಳುತ್ತೇನೆ, ವಿಂಡೋಸ್ ಬೇಡ ಅನ್ನುತ್ತಾಳೆ. ಒಂದು ಶೋರೂಮಿನಲ್ಲಿ ₹56,000 ಹೇಳಿದರು, ವಿಂಡೋಸ್ ಇಲ್ಲದೆ ಲ್ಯಾಪ್‌ಟಾಪ್ ಬರುವುದೇ ಇಲ್ಲ ಅಂದರು. ಇನ್ನೊಂದು ಅಂಗಡಿಯವರು ಅದೇ ಕಂಪನಿಯ ‘ಡಾಸ್’ ಲ್ಯಾಪ್‌ಟಾಪ್ ₹51,500ಕ್ಕೆ ಕೊಡುತ್ತೇವೆ, ಬೇಕಿದ್ದರೆ ವಿಂಡೋಸ್, ಆಫೀಸ್ ಎರಡನ್ನೂ ಫ್ರೀಯಾಗಿ ಹಾಕಿಕೊಡುತ್ತೇವೆ ಅಂದರು. ಬೇಡದ ವಿಂಡೋಸ್‌ಗೆ ನಾವು ಯಾಕೆ ದುಡ್ಡು ಕೊಡಬೇಕು? ಕೊಂಡ ಮೇಲೆ ಅದರ ಹಣ ವಾಪಸ್ ಕೇಳಬಹುದಾ? ಡಾಸ್ ಲ್ಯಾಪ್‌ಟಾಪ್ ತೆಗೆದುಕೊಳ್ಳಬಹುದಾ?
ಓದುಗರು, ಶಿವಮೊಗ್ಗ

ಉತ್ತರ: ಶೋರೂಮಿನವರ ಮಾತು ಅವರ ಶೋಕೇಸಿನ ಮಟ್ಟಿಗೆ ನಿಜ, ಮಾರುಕಟ್ಟೆಯ ಮಟ್ಟಿಗೆ ಅಲ್ಲ. ಮನೆ ಬಳಕೆಗೆಂದು ಜಾಹೀರಾತಾಗುವ ಮಾಡೆಲ್‌ಗಳು ಹೆಚ್ಚುಕಡಿಮೆ ಎಲ್ಲವೂ ವಿಂಡೋಸ್ ಜೊತೆಗೇ ಬರುತ್ತವೆ. ವಿಂಡೋಸ್ ಇಲ್ಲದವು (ಅಂಗಡಿಯ ಮಾತಿನಲ್ಲಿ ‘ಡಾಸ್’ ಯಂತ್ರಗಳು) ಇರುವುದು ಕಚೇರಿ ಬಳಕೆಯ ಸಾಲಿನಲ್ಲಿ: ಲೆನೊವೊದ ವಿ ಸರಣಿ ಮತ್ತು ಥಿಂಕ್‌ಪ್ಯಾಡ್, ಎಚ್‌ಪಿಯ 240, 250ರಂಥ ಮಾಡೆಲ್‌ಗಳು, ಏಸುಸ್ ಎಕ್ಸ್‌ಪರ್ಟ್‌ಬುಕ್, ಏಸರ್ ಟ್ರಾವೆಲ್‌ಮೇಟ್, ಡೆಲ್‌ನಲ್ಲಿ ಉಬುಂಟು (ಲಿನಕ್ಸ್‌ನ ಒಂದು ಬಗೆ) ಹಾಕಿದ ಕೆಲವು. ಇವನ್ನು ಶೋರೂಮಿನಲ್ಲಿ ಹುಡುಕಬೇಡಿ. ಕಚೇರಿ, ಕಾಲೇಜುಗಳಿಗೆ ಸಪ್ಲೈ ಮಾಡುವ ಡೀಲರ್ ಹತ್ತಿರ ಹೋಗಿ, ‘ಡಾಸ್ ಅಥವಾ ಉಬುಂಟು ಪಾರ್ಟ್ ನಂಬರ್ ಬೇಕು, ತರಿಸಿಕೊಡಿ’ ಎಂದು ಕೇಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹೀಗೆ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಶಿವಮೊಗ್ಗದಲ್ಲಿ ಬಹುಶಃ ಆರ್ಡರ್ ಕೊಟ್ಟು ಕಾಯಬೇಕಾದೀತು.

ಪಾರ್ಟ್ ನಂಬರ್ ಎಂದು ಒತ್ತಿ ಹೇಳಲು ಕಾರಣವಿದೆ. ಮಾಡೆಲ್ ಹೆಸರು ಒಂದೇ ಇರುತ್ತದೆ, ಒಳಗಿನ ಸರಕು ಬೇರೆ ಬೇರೆ ಇರುತ್ತದೆ. ಪೆಟ್ಟಿಗೆಯ ಬದಿಗೆ ಅಂಟಿಸಿದ ಬಿಳಿ ಸ್ಟಿಕರಿನಲ್ಲಿ ಪಾರ್ಟ್ ನಂಬರ್, ಸೀರಿಯಲ್ ನಂಬರ್, ರ‍್ಯಾಮ್, ಎಸ್‌ಎಸ್‌ಡಿ, ಓಎಸ್ (ಆಪರೇಟಿಂಗ್ ಸಿಸ್ಟಂ, ಅಂದರೆ ವಿಂಡೋಸ್, ಲಿನಕ್ಸ್‌ನಂಥ ಮೂಲ ತಂತ್ರಾಂಶ) ಎಲ್ಲ ಅಚ್ಚಾಗಿರುತ್ತವೆ. ಓಎಸ್ ಎದುರು ‘ಫ್ರೀಡಾಸ್’, ‘ಡಾಸ್’, ‘ನೋ ಓಎಸ್’ ಅಥವಾ ‘ಉಬುಂಟು’ ಎಂದಿದ್ದರೆ ಅದರಲ್ಲಿ ವಿಂಡೋಸ್ ಲೈಸೆನ್ಸ್ ಇಲ್ಲ.

ಫ್ರೀಡಾಸ್ ಎಂದರೆ 1994ರಲ್ಲಿ ಶುರುವಾದ, ಹಳೆಯ ಎಂಎಸ್-ಡಾಸ್‌ಗೆ ಬದಲಿಯಾಗಿ ಬರೆದ ಉಚಿತ ಓಎಸ್. ಯಂತ್ರ ಹೊತ್ತಿಸಿದರೆ ಕಪ್ಪು ಪರದೆ, ಒಂದು ಇಂಗ್ಲಿಷ್ ಅಕ್ಷರ, ಮಿನುಗುವ ಗೆರೆ, ಅಷ್ಟೇ. ಯಾರೂ ಅದನ್ನು ಬಳಸಲಿ ಎಂದು ಹಾಕಿರುವುದಿಲ್ಲ. ‘ಓಎಸ್ ಸಹಿತ’ ಎಂಬ ಕಲಂ ಭರ್ತಿಯಾಗಬೇಕು, ಯಂತ್ರ ಹೊತ್ತಿಕೊಂಡಿತು ಎಂದು ತೋರಿಸಬೇಕು, ಅದಕ್ಕಾಗಿ ಇರುವುದು. ಎಚ್‌ಪಿಯ ಕೆಲವು ಮಾಡೆಲ್‌ಗಳಲ್ಲಂತೂ ತಮಾಷೆಯಾಗಿದೆ: ಈಗಿನ ಯಂತ್ರಗಳು ಡಾಸನ್ನು ನೇರವಾಗಿ ಬೂಟ್ ಮಾಡಲಾರವು (ಹೊತ್ತಿಸಿ ಓಡಿಸಲಾರವು), ಹಾಗಾಗಿ ಒಳಗೊಳಗೇ ಒಂದು ಪುಟ್ಟ ಲಿನಕ್ಸ್ ಎದ್ದು, ಅದರೊಳಗಿನ ವರ್ಚುವಲ್ ಯಂತ್ರದಲ್ಲಿ (ತಂತ್ರಾಂಶದಲ್ಲೇ ಕಟ್ಟಿದ ನಕಲಿ ಕಂಪ್ಯೂಟರಿನಲ್ಲಿ) ಫ್ರೀಡಾಸ್ ಓಡುತ್ತದೆ.

ನಿಮ್ಮ ಮಗಳಿಗೆ ಇದರಿಂದ ತೊಂದರೆ ಏನಿಲ್ಲ, ಹೇಗೂ ಅಳಿಸಿ ಲಿನಕ್ಸ್ ಹಾಕುತ್ತಾಳೆ. ಯಂತ್ರಾಂಶದ ವಾರಂಟಿ ವಿಂಡೋಸ್ ಯಂತ್ರದ ಹಾಗೆಯೇ ಇರುತ್ತದೆ. ನೋಡಬೇಕಾದ್ದು ಆ ₹4,500 ವ್ಯತ್ಯಾಸದಲ್ಲಿ ಏನೇನು ಅಡಗಿದೆ ಎಂಬುದನ್ನು. ಎರಡೂ ಪಾರ್ಟ್ ನಂಬರ್ ಬರೆದುಕೊಂಡು ಬಂದು ಕಂಪನಿಯ ಜಾಲತಾಣದಲ್ಲಿ ಅಕ್ಕಪಕ್ಕ ಇಟ್ಟು ನೋಡಿ. ಅಗ್ಗದ ಡಾಸ್ ಮಾಡೆಲ್‌ಗಳಲ್ಲಿ ಕೈಕೊಡುವ ಜಾಗಗಳು ಗೊತ್ತಿರುವಂಥವೇ: 16 ಜಿಬಿ ಬದಲು 8 ಜಿಬಿ ರ‍್ಯಾಮ್; ಪಕ್ಕದಿಂದ ನೋಡಿದರೆ ಬಣ್ಣ ಕೆಡುವ ಟಿಎನ್ ಪರದೆ ಅಥವಾ 250 ನಿಟ್ಸ್‌ನ ಮಂಕು ಪರದೆ; ಚಿಕ್ಕ ಬ್ಯಾಟರಿ; ಬೆಳಕಿಲ್ಲದ ಕೀಬೋರ್ಡ್. ಜೊತೆಗೆ ಶೋರೂಮಿನ ₹56,000ದಲ್ಲಿ ಆಫೀಸ್ ಕೂಡ ಸೇರಿದೆಯೇ ಕೇಳಿ. ಭಾರತದಲ್ಲಿ ಮಾರುವ ಬಹಳಷ್ಟು ಮಾಡೆಲ್‌ಗಳಲ್ಲಿ ‘ಆಫೀಸ್ ಹೋಮ್’ ಸೇರಿರುತ್ತದೆ. ಇವೆಲ್ಲ ಕಳೆದು ಉಳಿದದ್ದು ವಿಂಡೋಸ್‌ನ ಬೆಲೆ. ಎಷ್ಟೋ ಸಲ ಉಳಿಯುವುದು ಸಾವಿರ, ಎರಡು ಸಾವಿರ, ಕೆಲವೊಮ್ಮೆ ಸೊನ್ನೆ.

ಸೊನ್ನೆ ಹೇಗೆ? ಅಂಗಡಿಯಲ್ಲಿ ಪ್ರತ್ಯೇಕವಾಗಿ ಕೊಂಡರೆ ವಿಂಡೋಸ್ 11 ಹೋಮ್‌ಗೆ ಹತ್ತು ಸಾವಿರದ ಸುತ್ತಮುತ್ತ ಆಗುತ್ತದೆ. ತಯಾರಕರು ಕೊಡುವುದು ಅದಕ್ಕಿಂತ ತೀರಾ ಕಡಿಮೆ, ಮತ್ತು ಆ ದರ ಒಪ್ಪಂದದ ಗುಟ್ಟು. ಇನ್ನೊಂದು ಕಡೆಯಿಂದ ಅವರಿಗೆ ದುಡ್ಡು ಬರುತ್ತದೆ. ಹೊಸ ಯಂತ್ರದಲ್ಲಿ 30 ದಿನದ ಆಂಟಿವೈರಸ್ ‘ಟ್ರಯಲ್’ ಇರುತ್ತದಲ್ಲ, ಅದನ್ನು ಅಲ್ಲಿ ಕೂರಿಸಲು ಆಂಟಿವೈರಸ್ ಕಂಪನಿ ಹಣ ತೆರುತ್ತದೆ. ಡಾಸ್ ಯಂತ್ರಕ್ಕೆ ಲೈಸೆನ್ಸ್ ಖರ್ಚೂ ಇಲ್ಲ, ಈ ಆದಾಯವೂ ಇಲ್ಲ.

ಈಗ ‘ಫ್ರೀಯಾಗಿ ಹಾಕಿಕೊಡುತ್ತೇವೆ’ ಎಂಬ ಮಾತು. ಡಾಸ್ ಯಂತ್ರಕ್ಕೆ ಫ್ರೀ ವಿಂಡೋಸ್ ಎಂಬುದು ಇಲ್ಲ. ಅವರು ಹಾಕುವುದು ಬಹುತೇಕ ಕೆಎಂಎಸ್ ಆಕ್ಟಿವೇಟರ್ ಎಂಬ ಟೂಲ್. ದೊಡ್ಡ ಸಂಸ್ಥೆಗಳು ತಮ್ಮದೇ ಸರ್ವರಿನಿಂದ ಯಂತ್ರಗಳನ್ನು ಆಕ್ಟಿವೇಟ್ ಮಾಡಿಕೊಳ್ಳುವ (ವಿಂಡೋಸ್‌ಗೆ ಲೈಸೆನ್ಸ್ ಇದೆ ಎಂದು ಖಚಿತಪಡಿಸಿಕೊಳ್ಳುವ) ವ್ಯವಸ್ಥೆಯೊಂದಿದೆ. ಈ ಟೂಲ್ ನಿಮ್ಮ ಲ್ಯಾಪ್‌ಟಾಪಿಗೆ ಅಂಥ ಸುಳ್ಳು ಸರ್ವರ್ ತೋರಿಸಿ ನಂಬಿಸುತ್ತದೆ. ಆ ಆಕ್ಟಿವೇಶನ್ ಬಾಳುವುದು 180 ದಿನ, ಆದ್ದರಿಂದ ಟೂಲ್ ಹಿನ್ನೆಲೆಯಲ್ಲಿ ಸದಾ ಕೂತಿದ್ದು ನವೀಕರಿಸುತ್ತಿರಬೇಕು. ಅದು ಕೂತಿರಬೇಕಾದರೆ ವಿಂಡೋಸ್‌ನ ಆಂಟಿವೈರಸ್ ಅದನ್ನು ಮುಟ್ಟಬಾರದು, ಹಾಗಾಗಿ ಹಾಕುವಾಗಲೇ ಡಿಫೆಂಡರ್‌ಗೆ ‘ಈ ಫೋಲ್ಡರ್ ನೋಡಬೇಡ’ ಎಂದು ವಿನಾಯಿತಿ ಬರೆದಿರುತ್ತಾರೆ. ಎಲ್ಲಿಂದಲೋ ಇಳಿಸಿಕೊಂಡ ಪ್ರೋಗ್ರಾಂಗೆ ಬಾಗಿಲು ತೆರೆದಿಟ್ಟು ಕಾವಲುಗಾರನನ್ನು ಮಲಗಿಸಿದ ಹಾಗಾಯಿತು. ಅದೇ ಯಂತ್ರದಲ್ಲಿ ನೀವು ಬ್ಯಾಂಕಿನ ಪಾಸ್‌ವರ್ಡ್ ಒತ್ತುತ್ತೀರಿ.

ಯಾವುದೇ ಯಂತ್ರದಲ್ಲಿ ಅಸಲಿಯೋ ಅಲ್ಲವೋ ನೋಡಲು ಒಂದು ನಿಮಿಷ ಸಾಕು. ವಿಂಡೋಸ್ ಕೀ ಜೊತೆಗೆ ಆರ್ ಒತ್ತಿ. ಬಂದ ಪೆಟ್ಟಿಗೆಯಲ್ಲಿ ಎಸ್, ಎಲ್, ಎಂ, ಜಿ, ಆರ್ ಎಂಬ ಐದು ಇಂಗ್ಲಿಷ್ ಅಕ್ಷರ, ಒಂದು ಸ್ಪೇಸ್, ಮುಂದಕ್ಕೆ ವಾಲಿದ ಸ್ಲ್ಯಾಶ್, ಆಮೇಲೆ ಡಿ, ಎಲ್, ಐ ಬರೆದು ಎಂಟರ್ ಒತ್ತಿ. ಒಂದೆರಡು ಸೆಕೆಂಡಿನಲ್ಲಿ ಬರುವ ಕಿಟಕಿಯ ವಿವರಣೆಯ ಸಾಲಿನಲ್ಲಿ ‘ಒಇಎಂ ಡಿಎಂ ಚಾನೆಲ್’ ಎಂದಿದ್ದರೆ ಕಾರ್ಖಾನೆಯಲ್ಲೇ ಬಂದ ಲೈಸೆನ್ಸ್. ‘ರೀಟೇಲ್’ ಎಂದಿದ್ದರೆ ಸಾಮಾನ್ಯವಾಗಿ ಪ್ರತ್ಯೇಕವಾಗಿ ಕೊಂಡಿದ್ದು. ‘ವಾಲ್ಯೂಮ್’ ಎಂಬ ಪದ ಕಂಡರೆ, ಅದು ಸಂಸ್ಥೆಯ ಯಂತ್ರವಲ್ಲದಿದ್ದರೆ, ನಿಮ್ಮ ಹೆಸರಿಗೆ ಲೈಸೆನ್ಸ್ ಇಲ್ಲ ಎಂದೇ ಅರ್ಥ. ಕೊನೆಯ ಮೂರಕ್ಷರದ ಬದಲು ಎಕ್ಸ್, ಪಿ, ಆರ್ ಬರೆದರೆ ಅವಧಿ ತಿಳಿಯುತ್ತದೆ. ಅಸಲಿಯಾದರೆ ಶಾಶ್ವತ ಎನ್ನುತ್ತದೆ, ಕೆಎಂಎಸ್ ಆದರೆ ಆರು ತಿಂಗಳೊಳಗಿನ ಒಂದು ತಾರೀಖು ತೋರಿಸುತ್ತದೆ. ಆನ್‌ಲೈನಿನಲ್ಲಿ ಮುನ್ನೂರು, ಐನೂರು ರೂಪಾಯಿಗೆ ಸಿಗುವ ವಿಂಡೋಸ್ ಲೈಸೆನ್ಸ್ ಕೀಗಳಲ್ಲಿಯೂ ಬಹಳಷ್ಟು ಯಾವುದೋ ಸಂಸ್ಥೆಯ ವಾಲ್ಯೂಮ್ ಕೀಗಳೇ. ಮೈಕ್ರೋಸಾಫ್ಟ್ ಅದನ್ನು ತಡೆಹಿಡಿದ ದಿನ ನಿಮ್ಮದೂ ನಿಂತಿತು.

ಬೇಡದ್ದಕ್ಕೆ ದುಡ್ಡು ಯಾಕೆ ಎಂಬ ಪ್ರಶ್ನೆ ಹಳೆಯದು. ಮೂವತ್ತು ವರ್ಷಕ್ಕೂ ಹಿಂದೆ ಮೈಕ್ರೋಸಾಫ್ಟ್ ತಯಾರಕರೊಂದಿಗೆ ‘ಪರ್ ಪ್ರೊಸೆಸರ್’ ಒಪ್ಪಂದ ಮಾಡಿಕೊಳ್ಳುತ್ತಿತ್ತು. ಕಾರ್ಖಾನೆಯಿಂದ ಹೊರಡುವ ಪ್ರತಿ ಯಂತ್ರಕ್ಕೂ ರಾಯಲ್ಟಿ, ಅದರಲ್ಲಿ ಎಂಎಸ್-ಡಾಸ್ ಇರಲಿ ಬಿಡಲಿ. ತಯಾರಕ ಬೇರೆಯವರ ಓಎಸ್ ಹಾಕಿದರೆ ಎರಡು ಕಡೆ ತೆರಬೇಕು, ಹಾಗಾಗಿ ಯಾರೂ ಹಾಕುತ್ತಿರಲಿಲ್ಲ. 1994ರ ಜುಲೈನಲ್ಲಿ ಅಮೆರಿಕದ ನ್ಯಾಯ ಇಲಾಖೆಯೊಂದಿಗಿನ ರಾಜಿಯಲ್ಲಿ ಈ ಪದ್ಧತಿ ನಿಂತಿತು. ಆದರೆ ಅಷ್ಟರಲ್ಲಿ ಅಂಗಡಿ, ಆಫೀಸು, ಶಾಲೆ ಎಲ್ಲ ಕಡೆ ವಿಂಡೋಸೇ ಕೂತಾಗಿತ್ತು. 1998ರಲ್ಲಿ ಮತ್ತೆ ಮೊಕದ್ದಮೆ ಆಯಿತು. 2000ದ ಜೂನ್‌ನಲ್ಲಿ ಕಂಪನಿಯನ್ನು ಎರಡು ಮಾಡಿ ಎಂದು ಕೋರ್ಟ್ ಆದೇಶಿಸಿತು. ಮರುವರ್ಷ ಮೇಲ್ಮನವಿಯಲ್ಲಿ ಆ ಆದೇಶ ಬಿದ್ದುಹೋಯಿತು.

ಯೂರೋಪಿನ ಒಂದು ಪ್ರಸಂಗ ಇಲ್ಲಿ ತುಂಬ ಕಲಿಸುತ್ತದೆ. 2004ರಲ್ಲಿ ಯೂರೋಪಿಯನ್ ಕಮಿಷನ್ ಮೈಕ್ರೋಸಾಫ್ಟ್‌ಗೆ 49.7 ಕೋಟಿ ಯೂರೋ ದಂಡ ಹಾಕಿ, ಮೀಡಿಯಾ ಪ್ಲೇಯರ್ ಇಲ್ಲದ ವಿಂಡೋಸನ್ನೂ ಮಾರಬೇಕು ಎಂದಿತು. ಕಂಪನಿ ‘ಎಕ್ಸ್‌ಪಿ ಎನ್’ ಎಂಬ ಆವೃತ್ತಿ ತಂದಿತು, ಪೂರ್ತಿ ಆವೃತ್ತಿಯ ಬೆಲೆಗೇ. ಅದೇ ದುಡ್ಡಿಗೆ ಕಡಿಮೆ ಸಾಮಾನು ಯಾರು ಕೊಳ್ಳುತ್ತಾರೆ? ಕೊಳ್ಳುವವರೇ ಇರಲಿಲ್ಲ. ಆಯ್ಕೆ ಕೊಟ್ಟಂತೆಯೂ ಆಯಿತು, ಕೊಡದಂತೆಯೂ ಆಯಿತು. ನಿಮ್ಮ ಶೋರೂಮಿನಲ್ಲಿ ವಿಂಡೋಸ್ ಯಂತ್ರಕ್ಕೂ ಡಾಸ್ ಯಂತ್ರಕ್ಕೂ ಒಂದೇ ಬೆಲೆ ಹೇಳಿದರೆ ಅದೂ ಇದೇ ಕತೆ.

ಇನ್ನು ಹಣ ವಾಪಸ್. ವಿಂಡೋಸ್‌ನ ಲೈಸೆನ್ಸ್ ಪತ್ರದಲ್ಲೇ ಇದರ ಪ್ರಸ್ತಾಪವಿದೆ. ಷರತ್ತು ಒಪ್ಪದಿದ್ದರೆ ಬಳಸಬೇಡಿ, ವಾಪಸಾತಿ ನಿಯಮ ಏನೆಂದು ಯಂತ್ರ ತಯಾರಕರನ್ನು ಕೇಳಿ, ಅವರ ನಿಯಮದಂತೆ ಸಾಫ್ಟ್‌ವೇರನ್ನೋ ಯಂತ್ರವನ್ನೋ ಹಿಂದಿರುಗಿಸಿ ಹಣ ಪಡೆಯಬಹುದು ಎನ್ನುತ್ತದೆ. ಅದರ ಬೆನ್ನಿಗೇ ಕೊಕ್ಕೆಯೂ ಇದೆ: ಇಡೀ ಯಂತ್ರವನ್ನೇ ವಾಪಸ್ ಕೊಡಬೇಕು ಎಂದು ತಯಾರಕರು ಹೇಳಿದರೆ ಅದಕ್ಕೂ ನೀವು ಬದ್ಧ. ಹಿಂದೆ ಈ ವಾಕ್ಯ ಇಷ್ಟು ಬಿಗಿಯಾಗಿರಲಿಲ್ಲ. 1999ರ ಫೆಬ್ರುವರಿ 15ರಂದು ಕ್ಯಾಲಿಫೋರ್ನಿಯಾದಲ್ಲಿ ಲಿನಕ್ಸ್ ಬಳಕೆದಾರರು ‘ರೀಫಂಡ್ ದಿನ’ ಎಂದು ಮೈಕ್ರೋಸಾಫ್ಟ್ ಕಚೇರಿಗೆ ಮೆರವಣಿಗೆ ಹೋಗಿದ್ದು ಅಂಥದೇ ಒಂದು ವಾಕ್ಯ ಹಿಡಿದು.

ಹೊರದೇಶದ ಕೋರ್ಟುಗಳು ಒಂದೇ ದಾರಿಯಲ್ಲಿ ನಡೆದಿಲ್ಲ. ಇಟಲಿಯ ಸರ್ವೋಚ್ಚ ನ್ಯಾಯಾಲಯ 2014ರ ಸೆಪ್ಟೆಂಬರಿನಲ್ಲಿ ಎಚ್‌ಪಿ ವಿರುದ್ಧದ ಪ್ರಕರಣದಲ್ಲಿ, ಯಂತ್ರ ಇಟ್ಟುಕೊಂಡು ವಿಂಡೋಸ್‌ನ ಹಣ ಮಾತ್ರ ವಾಪಸ್ ಪಡೆಯುವ ಹಕ್ಕು ಗ್ರಾಹಕನಿಗೆ ಇದೆ ಎಂದಿತು. ಅದೇ ದೇಶದ ಮೊಂಜಾ ಕೋರ್ಟ್ 2020ರಲ್ಲಿ, 42 ಯೂರೋ ವಾಪಸ್ ಕೊಡಲು ಗ್ರಾಹಕನನ್ನು ಕೋರ್ಟಿನಿಂದ ಕೋರ್ಟಿಗೆ ಅಲೆಸಿದ ಲೆನೊವೊಗೆ 20,000 ಯೂರೋ ಪರಿಹಾರ ಕೊಡುವಂತೆ ಹೇಳಿತು. ಆದರೆ ಯೂರೋಪಿಯನ್ ಒಕ್ಕೂಟದ ನ್ಯಾಯಾಲಯ 2016ರ ಸೆಪ್ಟೆಂಬರಿನಲ್ಲಿ, ಫ್ರಾನ್ಸಿನ ಗ್ರಾಹಕರೊಬ್ಬರು ಸೋನಿ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಬೇರೆಯೇ ಹೇಳಿತು: ಓಎಸ್ ಹಾಕಿಯೇ ಮಾರುವುದು ತನ್ನಷ್ಟಕ್ಕೆ ಅನ್ಯಾಯದ ವ್ಯಾಪಾರವಲ್ಲ, ಅದರ ಬೆಲೆ ಬಿಡಿಸಿ ತೋರಿಸದಿರುವುದೂ ಮೋಸವಲ್ಲ. ಕೊಳ್ಳುವ ಮುಂಚೆ ಗ್ರಾಹಕನಿಗೆ ವಿಷಯ ತಿಳಿಸಿದ್ದಾರೆಯೇ ಎಂಬುದಕ್ಕೆ ಅದು ತೂಕ ಕೊಟ್ಟಿತು.

ನಮ್ಮಲ್ಲಿ? ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಕಲಂ 2(41), ಒಂದು ಸರಕು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎಂದು ಷರತ್ತು ಹಾಕುವುದನ್ನು ‘ನಿರ್ಬಂಧಕ ವ್ಯಾಪಾರ ಪದ್ಧತಿ’ ಎನ್ನುತ್ತದೆ. ಕೇಳಲು ನಿಮ್ಮ ಪ್ರಕರಣಕ್ಕೇ ಬರೆದ ಹಾಗಿದೆ. ಕಂಪನಿಯ ವಕೀಲರು ಎರಡು ಉತ್ತರ ಇಟ್ಟುಕೊಂಡಿರುತ್ತಾರೆ. ಲ್ಯಾಪ್‌ಟಾಪ್ ಮತ್ತು ವಿಂಡೋಸ್ ಎರಡು ಸರಕಲ್ಲ, ಒಂದೇ, ಬಿಲ್ಲಿನಲ್ಲೂ ಒಂದೇ ಸಾಲು ಎಂಬುದು ಮೊದಲನೆಯದು. ವಿಂಡೋಸ್ ಬೇಡದವರಿಗೆ ನಮ್ಮದೇ ಡಾಸ್ ಮಾಡೆಲ್ ಇತ್ತಲ್ಲ ಎಂಬುದು ಎರಡನೆಯದು, ಇದು ಮೊದಲನೆಯದಕ್ಕಿಂತ ಗಟ್ಟಿ. ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದು ಗೂಗಲ್‌ಗೆ ₹1,337.76 ಕೋಟಿ ದಂಡ ಹಾಕಿದ್ದು ಮೊದಲೇ ಹಾಕಿ ಕಳಿಸುವ ಆ್ಯಪ್‌ಗಳ ಷರತ್ತುಗಳಿಗೂ ಸೇರಿಸಿ ಎಂಬುದು ನಿಜ. ಆದರೆ ಅದು ಫೋನ್ ತಯಾರಕರ ಮೇಲೆ ಹೇರಿದ ಷರತ್ತಿನ ಮಾತು. ಕೊಂಡವರ ಕೈಗೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ.

ಆದರೂ ಕೇಳಿಯೇ ತೀರುತ್ತೇನೆ ಎಂದರೆ ಹೀಗೆ ಮಾಡಿ. ಕೊಳ್ಳುವ ಮುಂಚೆ ಕಂಪನಿಗೆ ಇಮೇಲ್ ಬರೆದು, ಈ ಪಾರ್ಟ್ ನಂಬರಿಗೆ ವಿಂಡೋಸ್ ವಾಪಸಾತಿ ನಿಯಮ ಏನು ಎಂದು ಕೇಳಿ, ಉತ್ತರ ಇಟ್ಟುಕೊಳ್ಳಿ. ಮನೆಗೆ ಬಂದ ಮೇಲೆ ಯಂತ್ರವನ್ನು ವೈಫೈಗೆ ಸೇರಿಸಬೇಡಿ. ಇಂಟರ್ನೆಟ್ ಸಿಕ್ಕರೆ ವಿಂಡೋಸ್ ತಾನೇ ಆಕ್ಟಿವೇಟ್ ಆಗಬಹುದು, ಆಮೇಲೆ ‘ನೀವು ಬಳಸಿದ್ದೀರಿ’ ಎನ್ನುತ್ತಾರೆ. ಲೈಸೆನ್ಸ್ ಪರದೆ ಬಂದರೆ ಫೋಟೋ ತೆಗೆದು, ‘ಅಕ್ಸೆಪ್ಟ್’ ಒತ್ತದೆ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಆರಿಸಿ. ಕೆಲವು ಯಂತ್ರಗಳಲ್ಲಿ ನೆಟ್‌ವರ್ಕ್ ಕೇಳುವ ಪರದೆ ದಾಟದೆ ಲೈಸೆನ್ಸ್ ಪರದೆ ಬರುವುದಿಲ್ಲ; ಹಾಗಿದ್ದರೆ ಆ ಪರದೆಯ ಫೋಟೋ ತೆಗೆದು ಅಲ್ಲೇ ನಿಲ್ಲಿಸಿ. ಅದೇ ದಿನ ಬಿಲ್, ಸೀರಿಯಲ್ ನಂಬರ್, ಫೋಟೋ ಸೇರಿಸಿ ಲಿಖಿತವಾಗಿ ಕೇಳಿ. ಮೊತ್ತಕ್ಕೆ ಆಧಾರವಾಗಿ ಅದೇ ಯಂತ್ರದ ಡಾಸ್ ಆವೃತ್ತಿಯ ಬೆಲೆ ತೋರಿಸಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ: ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕೊಂಡ ವಸ್ತುವಿನ ಬೆಲೆ 5 ಲಕ್ಷದವರೆಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ಎರಡು ಮೂರು ಸಾವಿರಕ್ಕೆ ಇಷ್ಟು ಓಡಾಟ ಬೇಕೇ ಎಂಬುದು ನಿಮ್ಮ ಜಿದ್ದಿಗೆ ಬಿಟ್ಟದ್ದು. ಆಯ್ಕೆಯ ಬಲ ಬಿಲ್ ಹಾಕಿಸುವ ಮುಂಚೆ ಇರುವಷ್ಟು ಆಮೇಲೆ ಇರುವುದಿಲ್ಲ.

ಹಾಗಾದರೆ ಯಾವುದು ಕೊಳ್ಳಬೇಕು? ರ‍್ಯಾಮ್, ಪರದೆ, ಬ್ಯಾಟರಿ ಸಮ ಇದ್ದು ನಿಜವಾದ ಉಳಿತಾಯ ₹3,000 ದಾಟಿದರೆ ಡಾಸ್ ಯಂತ್ರವನ್ನೇ ಕೊಳ್ಳಿ, ‘ಫ್ರೀ ವಿಂಡೋಸ್ ಹಾಕಬೇಡಿ, ಪೆಟ್ಟಿಗೆ ಸೀಲ್ ನಾವೇ ಒಡೆಯುತ್ತೇವೆ’ ಎಂದು ಹೇಳಿ. ಅದಕ್ಕಿಂತ ಕಡಿಮೆ ಉಳಿದರೆ ವಿಂಡೋಸ್ ಇರುವುದನ್ನೇ ತರುವುದು ಲಾಭ, ಲಿನಕ್ಸ್ ಪ್ರೇಮಿಗಳಿಗೂ. ಏಕೆಂದರೆ ಈಗ ಬಿಟ್ಟ ಲೈಸೆನ್ಸ್ ಮುಂದೆ ಇಷ್ಟು ಅಗ್ಗಕ್ಕೆ ಸಿಗದು. ಇಂಜಿನಿಯರಿಂಗ್ ವಿನ್ಯಾಸದ ಸಾಲಿಡ್‌ವರ್ಕ್ಸ್, ಲೆಕ್ಕಪತ್ರದ ಟ್ಯಾಲಿಯಂಥವು ವಿಂಡೋಸ್‌ನಲ್ಲೇ ಓಡುವಂಥವು. ಸೇಫ್ ಎಕ್ಸಾಮ್ ಬ್ರೌಸರ್ (ಪರೀಕ್ಷೆಯ ಹೊತ್ತು ಬೇರೇನೂ ತೆರೆಯದಂತೆ ತಡೆಯುವ ತಂತ್ರಾಂಶ) ಬೇಕೆಂದು ಯಾವುದಾದರೂ ಪರೀಕ್ಷೆಯವರು ಕೇಳಿದರೆ ಅದರ ಲಿನಕ್ಸ್ ಆವೃತ್ತಿ ಇಲ್ಲ. ಮನೆಯಲ್ಲಿ ಬೇರೆ ಯಾರಾದರೂ ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಮಾಡಿದ ಕಡತಗಳನ್ನು ತೆರೆಯುವವರಿದ್ದರೆ ಅವರಿಗೂ ವಿಂಡೋಸ್ ಇದ್ದರೆ ಕಿರಿಕಿರಿ ಕಡಿಮೆ. ಯೂನಿಕೋಡ್ ಕನ್ನಡಕ್ಕಾದರೆ ಲಿನಕ್ಸ್‌ನಲ್ಲಿ ಕಗಪ ಕೀಲಿವಿನ್ಯಾಸ ಜೊತೆಗೇ ಬರುತ್ತದೆ, ಸೆಟ್ಟಿಂಗಿನಲ್ಲಿ ಸೇರಿಸಿಕೊಂಡರೆ ಸಾಕು.

ಆ ಲೈಸೆನ್ಸ್ ಎಲ್ಲಿರುತ್ತದೆ ಎಂದು ತಿಳಿದರೆ ಅರ್ಧ ಭಯ ಹೋಗುತ್ತದೆ. ವಿಂಡೋಸ್ 8ರ ಕಾಲದಿಂದ ಕೀಯನ್ನು ಮದರ್‌ಬೋರ್ಡಿನ ಫರ್ಮ್‌ವೇರ್ (ಚಿಪ್ಪಿನಲ್ಲೇ ಕೂತ ಮೂಲ ತಂತ್ರಾಂಶ) ಒಳಗೇ ಬರೆದಿರುತ್ತಾರೆ. ಮಗಳು ಎಸ್‌ಎಸ್‌ಡಿ ಪೂರ್ತಿ ಅಳಿಸಿ ಲಿನಕ್ಸ್ ಹಾಕಿದರೂ ಅದು ಹೋಗುವುದಿಲ್ಲ. ನಾಲ್ಕು ವರ್ಷದ ನಂತರ ಮೈಕ್ರೋಸಾಫ್ಟ್ ತಾಣದಿಂದ ವಿಂಡೋಸ್ ಇಳಿಸಿ ಅದೇ ಹೋಮ್ ಆವೃತ್ತಿ ಹಾಕಿದರೆ ಕೀ ಕೇಳದೆ ಆಕ್ಟಿವೇಟ್ ಆಗುತ್ತದೆ. ಹೋಗುವುದು ಬೋರ್ಡ್ ಬದಲಾದಾಗ. ಕಂಪನಿಯ ಸರ್ವಿಸ್ ಸೆಂಟರ್ ಆದರೆ ಹೊಸ ಬೋರ್ಡಿಗೆ ಕೀ ಹಾಕಿಕೊಡಬೇಕು, ಕೇಳಿ ಪಡೆಯಿರಿ. ಹೊರಗೆ ಹಾಕಿಸಿದರೆ ಆ ಮಾತಿಲ್ಲ.

ಯಾವುದೇ ಯಂತ್ರ ಕೊಳ್ಳಿ, ಅಂಗಡಿಗೆ ಹೋಗುವಾಗ ಮಗಳು ಉಬುಂಟು ಅಥವಾ ಲಿನಕ್ಸ್ ಮಿಂಟ್ ಬರೆದ 16 ಜಿಬಿ ಪೆನ್‌ಡ್ರೈವ್ ಒಯ್ಯಲಿ. ಡೆಮೋ ಯಂತ್ರವನ್ನು ಅದರಿಂದ ಬೂಟ್ ಮಾಡಿ ನೋಡಲು ಹತ್ತು ನಿಮಿಷ ಬೇಕು, ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಅದಕ್ಕೆ ಯಂತ್ರ ಹೊತ್ತಿಸುವಾಗ ಒತ್ತಬೇಕಾದ ಕೀ: ಡೆಲ್, ಲೆನೊವೊಗೆ ಎಫ್12, ಎಚ್‌ಪಿಗೆ ಎಸ್ಕೇಪ್ ಆಮೇಲೆ ಎಫ್9, ಏಸುಸ್‌ಗೆ ಎಸ್ಕೇಪ್. ವೈಫೈ ಸಿಗುತ್ತದೆಯೇ, ಸ್ಪೀಕರ್, ಮೈಕ್, ಕ್ಯಾಮೆರಾ, ಪರದೆಯ ಬೆಳಕು ಏರಿಳಿಸುವ ಕೀ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಗುತ್ತದೆಯೇ, ಇಷ್ಟು ನೋಡಿ. ಕೈಕೊಡುವುದು ಹೆಚ್ಚಾಗಿ ಹೊಚ್ಚಹೊಸ ವೈಫೈ ಚಿಪ್ ಮತ್ತು ಬೆರಳಚ್ಚು ಓದುವ ಸೆನ್ಸರ್. ಬೆರಳಚ್ಚು ಇಲ್ಲದೆ ಬದುಕಬಹುದು, ವೈಫೈ ಇಲ್ಲದೆ ಆಗದು. ಬೇರೆ ಮಾಡೆಲ್ ನೋಡಿ.

ವಿಂಡೋಸ್ ಉಳಿಸಿಕೊಂಡೇ ಪಕ್ಕದಲ್ಲಿ ಲಿನಕ್ಸ್ ಹಾಕುವುದಾದರೆ ಅಪಾಯ ಇರುವುದು ಬಿಟ್‌ಲಾಕರ್‌ನಲ್ಲಿ, ಅಂದರೆ ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯದಲ್ಲಿ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಡಿಸ್ಕ್ ತಂತಾನೇ ಗೂಢಲಿಪಿಗೆ ಹೋಗಿರುತ್ತದೆ, ಯಾರೂ ಹೇಳಿರುವುದಿಲ್ಲ. ಬಯೋಸ್‌ನಲ್ಲಿ (ವಿಂಡೋಸ್ ಏಳುವ ಮೊದಲೇ ತೆರೆಯುವ, ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ) ಏನಾದರೂ ಬದಲಿಸಿದ ಮರುಗಳಿಗೆ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಇಲ್ಲದಿದ್ದರೆ ಒಳಗಿದ್ದ ಕಡತಗಳ ಆಸೆ ಬಿಡಬೇಕು. ಮೊದಲು ಆ ಕೀಯನ್ನು ಕಾಗದದಲ್ಲಿ ಬರೆದಿಟ್ಟು, ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆಫ್ ಮಾಡಿ ಪೂರ್ತಿ ಬಿಡಿಸಿಕೊಳ್ಳುವವರೆಗೆ ಕಾಯಿರಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. 32 ಜಿಬಿ ಪೆನ್‌ಡ್ರೈವ್‌ನಲ್ಲಿ ರಿಕವರಿ ಡ್ರೈವ್ ಮಾಡಿಟ್ಟುಕೊಳ್ಳಿ. 512 ಜಿಬಿ ಎಸ್‌ಎಸ್‌ಡಿಯಾದರೆ 120 ಜಿಬಿ ಲಿನಕ್ಸ್‌ಗೆ ಸಾಕು. ಆ ಜಾಗವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದಲೇ ಕುಗ್ಗಿಸಿ ಬಿಡಿಸಿ. ಇಂಟೆಲ್ ಯಂತ್ರದಲ್ಲಿ ಇನ್‌ಸ್ಟಾಲರ್‌ಗೆ ಎಸ್‌ಎಸ್‌ಡಿಯೇ ಕಾಣದಿದ್ದರೆ ಕಾರಣ ಬಯೋಸ್‌ನ ವಿಎಂಡಿ ಎಂಬ ಆಯ್ಕೆ. ಅದನ್ನು ಸುಮ್ಮನೆ ಆಫ್ ಮಾಡಿದರೆ ವಿಂಡೋಸ್ ಏಳುವುದಿಲ್ಲ. ಮೊದಲು ವಿಂಡೋಸನ್ನು ಸೇಫ್ ಮೋಡಿಗೆ ಹೊಂದಿಸಿ, ರೀಸ್ಟಾರ್ಟ್ ಆಗುವಾಗ ವಿಎಂಡಿ ಆಫ್ ಮಾಡಿ, ಸೇಫ್ ಮೋಡಿನಲ್ಲಿ ಒಮ್ಮೆ ಎದ್ದ ಮೇಲೆ ಮಾಮೂಲಿಗೆ ತನ್ನಿ. ಎರಡೂ ಹಾಕಿದ ಮೇಲೆ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ಓಡಿದರೆ ಗಾಬರಿ ಬೇಡ. ಲಿನಕ್ಸ್ ಯಂತ್ರದ ಗಡಿಯಾರವನ್ನು ಗ್ರೀನ್‌ವಿಚ್ ಸಮಯದಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಎಂದು ಓದುತ್ತದೆ. ಲಿನಕ್ಸ್‌ನಲ್ಲಿ ಒಂದು ಸೆಟ್ಟಿಂಗ್ ಬದಲಿಸಿದರೆ ಸರಿ.

ಕೊನೆಗೆ, ವಿಂಡೋಸ್ ಯಂತ್ರವನ್ನೇ ಕೊಂಡರೆ ‘ಸೆಟಪ್ ಮಾಡಿಕೊಡುತ್ತೇವೆ’ ಎಂದು ಅಂಗಡಿಯ ಹುಡುಗ ಮುಂದೆ ಬಂದಾಗ ಬೇಡ ಅನ್ನಿ. ಅವಸರಕ್ಕೆ ಅಂಗಡಿಯ ಮೈಕ್ರೋಸಾಫ್ಟ್ ಖಾತೆಯಲ್ಲಿ ಒಳಹೊಕ್ಕು ಆಫೀಸ್ ಆಕ್ಟಿವೇಟ್ ಮಾಡಿಬಿಟ್ಟರೆ ಆ ಆಫೀಸ್ ಅಂಗಡಿಯ ಖಾತೆಗೆ ಸೇರಿತು, ಬಿಟ್‌ಲಾಕರ್ ಕೀ ಕೂಡ ಅಲ್ಲಿಗೇ ಹೋಗಿರುತ್ತದೆ. ಮಗಳ ಸ್ವಂತ ಖಾತೆಯಲ್ಲಿ, ಮನೆಯಲ್ಲಿ, ಅವಳೇ ಮಾಡಿಕೊಳ್ಳಲಿ. ಆಫೀಸ್ ಪಡೆಯಲು ಗಡುವಿದೆ, ಸಾಮಾನ್ಯವಾಗಿ ವಿಂಡೋಸ್ ಆಕ್ಟಿವೇಟ್ ಆದ 180 ದಿನ. ಲಿನಕ್ಸ್ ಹಾಕುವ ಉತ್ಸಾಹದಲ್ಲಿ ಅದನ್ನು ಮರೆತರೆ ದುಡ್ಡು ಕೊಟ್ಟ ಸಾಮಾನು ಕೈತಪ್ಪುತ್ತದೆ. ಬಿಲ್ಲಿನಲ್ಲಿ ಪಾರ್ಟ್ ನಂಬರ್, ಸೀರಿಯಲ್ ನಂಬರ್, ಜೊತೆಗೆ ‘ವಿಂಡೋಸ್ 11 ಹೋಮ್ ಮತ್ತು ಆಫೀಸ್ ಸಹಿತ’ ಅಥವಾ ‘ಓಎಸ್ ರಹಿತ’ ಎಂದು ಬರೆಸಿಕೊಂಡೇ ಹಣ ಕೊಡಿ. ಬರೆಯಲು ತಕರಾರು ಮಾಡುವ ಅಂಗಡಿಯಾದರೆ ಪಕ್ಕದ ಅಂಗಡಿಗೆ ನಡೆಯಿರಿ.